ಅಳೆದು ನೋಡದ ಜೆಟ್ ಸ್ಕೀ ಹಿನ್ನೀರಿಗೆ ಇಳಿಯಬಾರದು

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಶರಾವತಿ ಹಿನ್ನೀರನ್ನು ನಾವು ನೋಡುವ ಬಗೆಯೇ ಬದಲಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿದಂದಿನಿಂದ ಕರೂರು–ಬಾರಂಗಿ ಹೋಬಳಿಯ ಜನರಿಗೆ ಆ ನೀರೆಂದರೆ ದಾಟಬೇಕಾದ ಅಡ್ಡಿ, ಲಾಂಚಿಗಾಗಿ ಕಾಯಬೇಕಾದ ದಡ. ಈಗ ಅದೇ ನೀರು ಹೊರಗಿನವರನ್ನು ಕರೆತರುವ ಆಕರ್ಷಣೆಯಾಗಿ ಕಾಣುತ್ತಿದೆ. ಹಿನ್ನೀರಿನ ಅಂಚಿನಲ್ಲಿ ಹೋಂಸ್ಟೇ ನಡೆಸುವವರಿಗೆ, ದೋಣಿವಿಹಾರದ ಯೋಚನೆಯಲ್ಲಿರುವ ಯುವಕರಿಗೆ ಮಲ್ಪೆ, ಮುರ್ಡೇಶ್ವರದ ಜಲಕ್ರೀಡೆಗಳು ಕಣ್ಣೆದುರಿನ ಮಾದರಿ. ಹೊಸ ಜೆಟ್ ಸ್ಕೀಗೆ ಲಕ್ಷಾಂತರ ರೂಪಾಯಿ ಬೇಕು. ಅಷ್ಟು ಬಂಡವಾಳ ಇಲ್ಲದವರಿಗೆ ಉಳಿಯುವ ದಾರಿ ಸೆಕೆಂಡ್ ಹ್ಯಾಂಡ್. ಕರಾವಳಿಯ ಉಪ್ಪುನೀರಿನಲ್ಲಿ ಕೆಲವು ವರ್ಷ ದುಡಿದ ಯಂತ್ರವೊಂದು ಘಟ್ಟ ಹತ್ತಿ ಸಾಗರಕ್ಕೋ ಹೊಸನಗರಕ್ಕೋ ಬಂದರೆ ಅದರ ಅತಿ ದುರ್ಬಲ ಭಾಗ ಎಂಜಿನ್ ಆಗಿರುವುದಿಲ್ಲ, ವೈರಿಂಗ್ ಆಗಿರುತ್ತದೆ. ಆ ವೈರಿಂಗನ್ನು ಮೀಟರ್ ಹಿಡಿದು ಅಳೆದು, ಅಳತೆಯನ್ನು ಬರೆದಿಡದ ಹೊರತು ಯಾವ ಹಳೆಯ ಜೆಟ್ ಸ್ಕೀಯನ್ನೂ ಬಾಡಿಗೆಗೆ ನೀರಿಗಿಳಿಸಲು ಬಿಡಬಾರದು ಎಂಬುದು ಈ ಬರಹದ ವಾದ.

ವೈರಿಂಗ್ ಕೆಟ್ಟರೆ ಬೈಕೂ ನಿಲ್ಲುತ್ತದೆ, ಅದಕ್ಕೇಕೆ ಇಷ್ಟು ಆತಂಕ ಎಂದು ಕೇಳಬಹುದು. ಬೈಕು ನಿಂತರೆ ತಳ್ಳಿಕೊಂಡು ರಸ್ತೆಯ ಬದಿಗೆ ಹೋಗಬಹುದು. ಜೆಟ್ ಸ್ಕೀಯ ಕತೆ ಬೇರೆ. ಅದಕ್ಕೆ ಹುಟ್ಟು ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ತಳದಿಂದ ನೀರು ಎಳೆದುಕೊಂಡು ಹಿಂಬದಿಯ ಮೂತಿಯಿಂದ ರಭಸವಾಗಿ ಚಿಮ್ಮಿಸಿ ಅದು ಮುನ್ನುಗ್ಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಆ ಮೂತಿ. ಎಂಜಿನ್ ನಿಂತ ಕ್ಷಣ ನೀರು ಚಿಮ್ಮುವುದೂ ನಿಲ್ಲುತ್ತದೆ; ಆಮೇಲೆ ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಯಂತ್ರ ಮೊದಲಿನ ದಿಕ್ಕಿನಲ್ಲೇ ಸಾಗುತ್ತದೆ. ಹಳೆಯ ಮಾದರಿಗಳಲ್ಲಿ ಬ್ರೇಕ್ ಎಂಬುದೂ ಇಲ್ಲ. ಎದುರಿಗೆ ಇನ್ನೊಂದು ದೋಣಿ ಇದ್ದರೆ, ಈಜುವವರಿದ್ದರೆ, ಏನಾಗಬಹುದೆಂದು ವಿವರಿಸಬೇಕಿಲ್ಲ. ನಮ್ಮ ಹಿನ್ನೀರಿಗೆ ಅದರದೇ ಆದ ಅಪಾಯಗಳೂ ಇವೆ. ಸುಮಾರು 300 ಚದರ ಕಿಲೋಮೀಟರ್ ಹರಡಿಕೊಂಡ ಜಲಾಶಯದಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರು ಇಳಿದಂತೆ ಮೇಲೆ ಬರುತ್ತವೆ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಗಾಳಿ ಎದ್ದರೆ ನಿಂತ ಯಂತ್ರ ಎತ್ತ ಬೇಕಾದರೂ ತೇಲಿ ಹೋಗಬಹುದು. ಎರಡು ರೂಪಾಯಿಯ ಫ್ಯೂಸೋ ಕಿಲುಬು ಹಿಡಿದ ಒಂದು ಜೋಡಣೆಯೋ ಇಲ್ಲಿ ಸವಾರನ ಪ್ರಾಣದ ಪ್ರಶ್ನೆಯಾಗುತ್ತದೆ.

ಹಳೆಯ ಯಂತ್ರದಲ್ಲಿ ವೈರಿಂಗ್ ಏಕೆ ಮೊದಲು ಸೋಲುತ್ತದೆ ಎಂಬುದಕ್ಕೆ ಕಾರಣ ಸ್ಪಷ್ಟ. ಕಡಲಿನ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಬೇರೆ ಬೇರೆ ಲೋಹಗಳು ಸೇರುವಲ್ಲಿ ಉಪ್ಪುನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಉಂಟಾಗಿ ಒಂದು ಲೋಹ ಕರಗತೊಡಗುತ್ತದೆ. ತಾಮ್ರದ ತಂತಿಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಪ್ಲಾಸ್ಟಿಕ್ ಹೊದಿಕೆಯ ಒಳಗೇ ಅದು ತಂತಿಯುದ್ದಕ್ಕೂ ಹಬ್ಬುತ್ತದೆ. ಹೊರಗಿನಿಂದ ನೋಡಿದರೆ ವೈರು ಹೊಸದರಂತೆಯೇ ಇರುತ್ತದೆ. ಸಿಹಿನೀರಿಗೆ ಬಂದ ಮೇಲೆ ಈ ತೊಂದರೆ ತೊಳೆದುಹೋಗುತ್ತದೆ ಎಂಬ ನಂಬಿಕೆ ತಪ್ಪು. ಕನೆಕ್ಟರುಗಳ ಒಳಗೆ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ತೇವಕ್ಕೆ ನಮ್ಮಲ್ಲಿ ಬರವಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರದ ಹುಲಿಕಲ್ ಕೂಡ ರಾಜ್ಯದ ಅತಿ ಹೆಚ್ಚು ಮಳೆಯ ಜಾಗಗಳಲ್ಲಿ ಒಂದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ಉಪ್ಪು ಕುಳಿತ ಕನೆಕ್ಟರ್ ಒಣಗುವುದುಂಟೆ? ಕಡಲಿನಲ್ಲಿ ಶುರುವಾದ ಕೊಳೆತ ಮಲೆನಾಡಿನ ಶೆಡ್ಡಿನಲ್ಲಿ ಮುಂದುವರಿಯುತ್ತದೆ.

ಇಂಥ ದೋಷವನ್ನು ಕಣ್ಣು ಹಿಡಿಯಲಾರದು. ಸುಮ್ಮನೆ ಮೀಟರ್ ಇಟ್ಟರೂ ಅದು ಸಿಕ್ಕುವುದಿಲ್ಲ. ಭಾರ ಬಿದ್ದಾಗ ಅಳೆಯಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ಕೊಳೆತ ಕೇಬಲ್ಲಿನ ತುದಿಯಲ್ಲೂ ಮೀಟರ್ ಅಷ್ಟೇ ತೋರಿಸಬಹುದು, ಏಕೆಂದರೆ ಮೀಟರಿಗೆ ಬೇಕಾದ ಕರೆಂಟು ತೀರಾ ಅಲ್ಪ. ಸೆಲ್ಫ್ ಮೋಟರಿಗೆ ಬೇಕಾಗುವುದು ನೂರು ಆಂಪಿಯರಿನ ಆಸುಪಾಸು. ಜೋಡಣೆಯೊಂದರಲ್ಲಿ 0.03 ಓಮ್ ರೋಧ ಹೆಚ್ಚಾಗಿದೆ ಎಂದಿಟ್ಟುಕೊಳ್ಳಿ. ನೂರು ಆಂಪಿಯರ್ ಹರಿಯುವಾಗ ಅಲ್ಲೇ 3 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯ ಶಕ್ತಿಯ ಕಾಲು ಭಾಗ ಕಿಲುಬು ಬಿಸಿಮಾಡುವುದಕ್ಕೇ ಖರ್ಚು. ಸೆಲ್ಫ್ ಮುಕ್ಕರಿಯುತ್ತದೆ, ಎಂಜಿನ್ನಿನ ಕಂಪ್ಯೂಟರಿಗೆ ವೋಲ್ಟೇಜ್ ಸಾಲದೆ ಅದು ಅಡ್ಡಾದಿಡ್ಡಿ ದೋಷಸೂಚನೆ ತೋರಿಸುತ್ತದೆ. ಇದನ್ನು ಪತ್ತೆಮಾಡುವ ಪರೀಕ್ಷೆ ಸರಳ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೊಳೆಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇಟ್ಟು ಸ್ಟಾರ್ಟ್ ಬಟನ್ ಒತ್ತಬೇಕು. 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಕೆಟ್ಟಿದೆ. ಪಾಸಿಟಿವ್ ಮೊಳೆಯಿಂದ ಸೆಲ್ಫ್ ಮೋಟರಿನವರೆಗೆ ಹೀಗೆಯೇ ಅಳೆದಾಗ ಅರ್ಧ ವೋಲ್ಟ್ ಮೀರಿದರೆ ಕೇಬಲ್, ಜೋಡಣೆ, ರಿಲೇ ಈ ಮೂರರಲ್ಲಿ ಒಂದು ಕೆಟ್ಟಿದೆ. ಎರಡು ನಿಮಿಷದ ಈ ಕೆಲಸ ಮಾಡದೆ ಹೊಸ ಬ್ಯಾಟರಿ ಹಾಕಿದರೆ ಕೆಲವು ದಿನ ಯಂತ್ರ ಓಡಬಹುದು. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಅಳತೆಗೆ ಒಂದು ಕ್ರಮವೂ ಬೇಕು. ಬಟನ್ ಒತ್ತಿದಾಗ ಏನೂ ಆಗದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಟರಿ, ಮುಖ್ಯ ಫ್ಯೂಸ್ ಮತ್ತು ಸವಾರನ ಮೈಗೆ ಕಟ್ಟುವ ಸುರಕ್ಷಾ ದಾರದ ಸ್ವಿಚ್. ಸೀ-ಡೂನಂಥ ಕೆಲವು ಮಾದರಿಗಳಲ್ಲಿ ಆ ದಾರದ ತುದಿಯಲ್ಲೇ ಸಂಕೇತವಿರುವ ಕೀಲಿ ಇರುತ್ತದೆ. ಆ ಕೀಲಿಯಿಲ್ಲದೆ ಯಂತ್ರ ಕೊಂಡವನು ಯಾವ ತಂತಿ ಬದಲಿಸಿದರೂ ಎಂಜಿನ್ ಎಚ್ಚರಾಗದು. ಟಕ್ ಎಂಬ ಸದ್ದು ಮಾತ್ರ ಬಂದು ಸೆಲ್ಫ್ ತಿರುಗದಿದ್ದರೆ ರಿಲೇ, ಕೇಬಲ್, ಅರ್ಥಿಂಗ್ ಅಳೆಯಬೇಕು. ಅವೆಲ್ಲ ಸರಿಯಿದ್ದರೆ ದೋಷ ವಿದ್ಯುತ್ತಿನದೇ ಅಲ್ಲದಿರಬಹುದು: ಮಗುಚಿದ ಯಂತ್ರದ ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ ಮೇಲೇರಲಾರದು, ಸೆಲ್ಫ್ ಸಿಕ್ಕಿಕೊಂಡಂತೆ ಕಾಣುತ್ತದೆ. ಆಗ ಹೊಸ ಸೆಲ್ಫ್ ಮೋಟರ್ ಹಾಕಿದವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಬಲವಂತಕ್ಕೆ ಹೋಗಿ ಎಂಜಿನ್ನನ್ನೂ ಕಳೆದುಕೊಳ್ಳುತ್ತಾನೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಪಂಪಿಗೆ, ಇಗ್ನಿಷನ್ನಿಗೆ ವಿದ್ಯುತ್ ತಲುಪುತ್ತಿದೆಯೇ ನೋಡಬೇಕು. ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿಯ ಮೊಳೆಗಳ ನಡುವೆ 13.5ರಿಂದ 14.5 ವೋಲ್ಟ್ ಕಾಣದಿದ್ದರೆ ಚಾರ್ಜಿಂಗ್ ನಡೆಯುತ್ತಿಲ್ಲ. ಅಂಥ ಯಂತ್ರ ದಡದಲ್ಲಿ ಸಲೀಸಾಗಿ ಹೊರಟು, ನಡುನೀರಿನಲ್ಲಿ ಬ್ಯಾಟರಿ ಬರಿದಾಗಿ ನಿಲ್ಲುತ್ತದೆ. ದಡದ ಪರೀಕ್ಷೆಯಲ್ಲಿ ಪಾಸಾಗಿ ನೀರಿನಲ್ಲಿ ಮೋಸ ಮಾಡುವ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ.

ಮಳೆಗಾಲದ ಬಿಡುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೆಟ್ ಸ್ಕೀಯ ಬ್ಯಾಟರಿ ಸಾಮಾನ್ಯವಾಗಿ 20 ಆಂಪಿಯರ್-ಗಂಟೆಯ ಆಸುಪಾಸಿನದು. ತೇವ ಹಿಡಿದ ಸ್ವಿಚ್ಚಿನ ಮೂಲಕ ಕೇವಲ 50 ಮಿಲಿ ಆಂಪಿಯರ್ ಸೋರುತ್ತಿದ್ದರೂ 400 ಗಂಟೆಗಳಲ್ಲಿ, ಎಂದರೆ ಹದಿನೇಳು ದಿನದೊಳಗೆ, ಅದು ಪೂರ್ತಿ ಖಾಲಿ. ಸೋರಿಕೆ 10 ಮಿಲಿ ಆಂಪಿಯರಿಗೆ ಇಳಿದರೂ ಮೂರು ತಿಂಗಳು ತುಂಬುವುದಿಲ್ಲ. ನಮ್ಮ ಮಳೆಗಾಲ ಅದಕ್ಕಿಂತ ಉದ್ದ. ಖಾಲಿಯಾಗಿ ನಿಂತ ಸೀಸದ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಅದು ಮೊದಲಿನ ಶಕ್ತಿಗೆ ಮರಳುವುದಿಲ್ಲ. ಅಕ್ಟೋಬರಿನಲ್ಲಿ ದಸರಾ ರಜೆಯ ಪ್ರವಾಸಿಗರು ಬರುವ ಹೊತ್ತಿಗೆ ಮಾಲೀಕ ಅದೇ ಬ್ಯಾಟರಿಗೆ ಕಾರಿನಿಂದ ಜಂಪ್ ಕೊಟ್ಟು ಎಬ್ಬಿಸಿದರೆ ಯಂತ್ರ ಹೊರಡಬಹುದು, ನಿಂತಲ್ಲಿ ಮತ್ತೆ ಹೊರಡುವ ಭರವಸೆ ಇಲ್ಲ. ಜಂಪ್ ಕೊಡುವಾಗ ತಂತಿ ಅದಲುಬದಲಾದರೆ ರೆಗ್ಯುಲೇಟರೂ ಸುಡುತ್ತದೆ. ಮಳೆಗಾಲಕ್ಕೆ ಮುಂಚೆ ಬ್ಯಾಟರಿ ಬಿಚ್ಚಿ, ಒಣ ಜಾಗದಲ್ಲಿಟ್ಟು, ಆಗಾಗ ಚಾರ್ಜ್ ಮಾಡುವುದು ಖರ್ಚಿಲ್ಲದ ಉಪಾಯ. ಮಲೆನಾಡಿಗೆ ಇದು ಕಡ್ಡಾಯವೇ ಆಗಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಬೆಂಕಿಯ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯ ವಾಹನದಲ್ಲಿ ಅದು ಕೆಳಗಿಳಿದು ಹರಡಿಹೋಗುತ್ತದೆ, ಜೆಟ್ ಸ್ಕೀಯ ಮುಚ್ಚಿದ ಒಡಲಿನಲ್ಲಿ ತಳದಲ್ಲೇ ತುಂಬಿಕೊಳ್ಳುತ್ತದೆ. ಅಲ್ಲೊಂದು ಕಿಡಿ ಹಾರಿದರೆ ಸಾಕು. ಆದ್ದರಿಂದಲೇ ದೋಣಿಗಳಿಗೆಂದು ಮಾಡಿದ ಸೆಲ್ಫ್ ಮೋಟರ್, ರಿಲೇಗಳಲ್ಲಿ ಕಿಡಿ ಹೊರಬಾರದಂತೆ ಮುಚ್ಚಿರುತ್ತಾರೆ. ಅಮೆರಿಕದಂಥ ದೇಶಗಳಲ್ಲಿ ಒಡಲೊಳಗೆ ಪೆಟ್ರೋಲ್ ಎಂಜಿನ್ ಇರುವ ದೋಣಿಗಳಿಗೆ ಇದು ಕಾನೂನಿನ ಕಟ್ಟಳೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೈಕಿನ ರಿಲೇಯೋ ಕಾರಿನ ಬಿಡಿಭಾಗವೋ ಅಳತೆಗೆ ಹೊಂದಿತೆಂದು ಜೋಡಿಸಿದರೆ ಈ ರಕ್ಷಣೆಯೇ ಹೋಯಿತು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ಫ್ಯೂಸ್ ಹಾಕುವುದು, ತಂತಿ ಸುತ್ತುವುದು, ಸುರಕ್ಷಾ ದಾರದ ಸ್ವಿಚ್ಚನ್ನು ಬೈಪಾಸ್ ಮಾಡುವುದು ಇದೇ ಸಾಲಿನ ತಪ್ಪುಗಳು. ಫ್ಯೂಸ್ ಹೋಗುವುದು ಎಲ್ಲೋ ಶಾರ್ಟ್ ಆಗಿದೆ ಎಂಬ ಎಚ್ಚರಿಕೆ. ಅದನ್ನು ಕೇಳದಿದ್ದರೆ ಮುಂದೆ ಉರಿಯುವುದು ವೈರು. ಸವಾರ ನೀರಿಗೆ ಬಿದ್ದಾಗ ಎಂಜಿನ್ ನಿಲ್ಲಿಸಬೇಕಾದದ್ದು ಆ ದಾರ. ಅದನ್ನು ಬೈಪಾಸ್ ಮಾಡಿದ ಯಂತ್ರ ಸವಾರನಿಲ್ಲದೆಯೂ ಓಡುತ್ತದೆ. ಪರೀಕ್ಷೆಗೆ ಮೊದಲು ಸೀಟು ತೆಗೆದು ಆವಿ ಹೋಗಲು ಬಿಡಬೇಕು, ಪ್ಲಗ್ಗಿನ ಕಿಡಿಯನ್ನು ಬಯಲಲ್ಲಿ ಹಾರಿಸಿ ನೋಡುವ ಗ್ಯಾರೇಜಿನ ಹಳೆಯ ರೂಢಿಯನ್ನು ಇಲ್ಲಿ ಬಿಟ್ಟೇ ಬಿಡಬೇಕು.

ನಮ್ಮ ಮೆಕ್ಯಾನಿಕ್‌ಗಳು ಅನುಭವಸ್ಥರು, ಸದ್ದು ಕೇಳಿಯೇ ದೋಷ ಹೇಳಬಲ್ಲರು, ಅವರಿಗೆ ಮೀಟರಿನ ಪಾಠ ಬೇಕೆ ಎಂಬ ಆಕ್ಷೇಪ ಬರಬಹುದು. ಅವರ ಅನುಭವದ ಬೆಲೆ ದೊಡ್ಡದು. ತೋಟದ ಪಂಪು, ಔಷಧಿ ಹೊಡೆಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ, ಜೀಪು, ಬೈಕು ಇವನ್ನೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮಳೆಗಾಲದುದ್ದಕ್ಕೂ ಓಡಿಸುತ್ತಿರುವುದು ಅವರ ಕೈಚಳಕವೇ. ಆದರೆ ಅನುಭವ ಹುಟ್ಟುವುದು ಅದೇ ದೋಷವನ್ನು ನೂರು ಬಾರಿ ಕಂಡಾಗ. ಜೆಟ್ ಸ್ಕೀ ನಮ್ಮಲ್ಲಿ ಅಪರೂಪ. ಅದರ ದೋಷಗಳನ್ನು ಕಂಡು ಪಳಗಲು ಬೇಕಾದಷ್ಟು ಯಂತ್ರಗಳೇ ಇಲ್ಲ. ರೂಢಿಯಿಲ್ಲದ ಯಂತ್ರದ ಮುಂದೆ ಊಹೆ ಸೋಲುತ್ತದೆ, ಅಳತೆ ಸೋಲುವುದಿಲ್ಲ. ಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವ ವಿಧಾನ ಬೈಕಿಗೆ ನಡೆಯುತ್ತದೆ, ಏಕೆಂದರೆ ಬಿಡಿಭಾಗ ಪೇಟೆಯಲ್ಲೇ ಅಗ್ಗವಾಗಿ ಸಿಗುತ್ತದೆ. ಯಮಹಾ, ಕವಾಸಾಕಿ, ಸೀ-ಡೂ ಜೆಟ್ ಸ್ಕೀಗಳ ಭಾಗಗಳು ದೂರದಿಂದ ಬರಬೇಕು, ಬೆಲೆಯೂ ಹೆಚ್ಚು. ತಪ್ಪು ಊಹೆಯ ದಂಡ ಇಲ್ಲಿ ಹಲವು ಪಟ್ಟು. ಜಾಣ ಮೆಕ್ಯಾನಿಕ್‌ಗೆ ಮೀಟರ್ ಕೊಟ್ಟರೆ ಅವನ ಅನುಭವ ಇನ್ನಷ್ಟು ಹರಿತವಾಗುತ್ತದೆ.

ಇಷ್ಟೆಲ್ಲ ನಿಯಮ ಹೇರಿದರೆ ಸಣ್ಣ ಬಂಡವಾಳದವರು ಬದುಕುವುದು ಹೇಗೆ ಎಂಬುದು ಎರಡನೆಯ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಅಣೆಕಟ್ಟೆಗಾಗಿ ಜಮೀನು, ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳಿಗೆ ಅದೇ ನೀರು ಅನ್ನ ಕೊಡುವುದಾದರೆ ಯಾರೂ ಅಡ್ಡ ಬರಬಾರದು. ಆದರೆ ಇಲ್ಲಿ ಕೇಳುತ್ತಿರುವುದು ದುಬಾರಿ ಸಲಕರಣೆಯನ್ನಲ್ಲ. ಒಳ್ಳೆಯ ಮಲ್ಟಿಮೀಟರಿನ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ಕಡಿಮೆ. ಮೇಲೆ ಹೇಳಿದ ಅಳತೆಗಳೆಲ್ಲ ಸೇರಿ ಒಂದು ಬೆಳಗಿನ ಕೆಲಸ. ಕೊಳ್ಳುವ ಮುಂಚೆ ಆ ಕೆಲಸ ಮಾಡಿಸಿದವನು ಕೊಳೆತ ಯಂತ್ರಕ್ಕೆ ದುಡ್ಡು ಸುರಿಯುವುದರಿಂದ ಪಾರಾಗುತ್ತಾನೆ. ಹಳೆಯ ಜೆಟ್ ಸ್ಕೀಯ ವ್ಯಾಪಾರದಲ್ಲಿ ಮಾರುವವನಿಗೆ ದೋಷ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆ ಅಂತರವನ್ನು ತುಂಬುವುದು ಅಳತೆಯ ಚೀಟಿ ಮಾತ್ರ. ಈ ನಿಯಮದ ಮೊದಲ ಲಾಭ ಆಗುವುದು ಸಾಲ ಮಾಡಿ ಯಂತ್ರ ತರುವ ಹುಡುಗನಿಗೇ.

ಜೆಟ್ ಸ್ಕೀಯೇ ಬೇಡ, ಶರಾವತಿ ಕಣಿವೆಯ ಶಾಂತಿಗೆ ಅದರ ಅಬ್ಬರ ಹೊಂದುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಹಿನ್ನೀರಿನ ದೊಡ್ಡ ಭಾಗಕ್ಕೆ ಅಂಟಿಕೊಂಡಿರುವುದು ಸಿಂಗಳೀಕಗಳ ಅಭಯಾರಣ್ಯ. ಇದೇ ಹಿನ್ನೀರಿನ ಹೊನ್ನೇಮರಡುವಿನಲ್ಲಿ ಹುಟ್ಟು ಹಾಕುವ ದೋಣಿಗಳಿಂದಲೇ ಜಲಸಾಹಸ ಸಾಧ್ಯ ಎಂದು ತೋರಿಸಿದ್ದಾರೆ. ಯಾವ ಭಾಗದಲ್ಲಿ ಎಂಜಿನ್ ಬೇಡವೇ ಬೇಡ ಎಂದು ಅರಣ್ಯ ಇಲಾಖೆ ಗೆರೆ ಎಳೆಯಲಿ, ಆ ಗೆರೆಯನ್ನು ಎಲ್ಲರೂ ಪಾಲಿಸಲಿ. ಆದರೆ ಗೆರೆಯ ಈಚೆ ಅನುಮತಿ ಸಿಕ್ಕಲ್ಲಿ ಯಂತ್ರ ಹೇಗಿರಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದು ಜೆಟ್ ಸ್ಕೀಗೆ ಮಾತ್ರ ಸೇರಿದ್ದೂ ಅಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಹರಿದದ್ದನ್ನು ತೀರ್ಥಹಳ್ಳಿ ಮರೆತಿಲ್ಲ. ಅಂಥ ಹೊತ್ತಿನಲ್ಲಿ ರಕ್ಷಣೆಗೆ ಬರುವ ಮೋಟರ್ ದೋಣಿಯೂ ವರ್ಷದ ಬಹುಪಾಲು ಸುಮ್ಮನೆ ನಿಂತಿದ್ದು, ಕರೆ ಬಂದ ದಿನ ಒಮ್ಮೆಗೇ ಹೊರಡಬೇಕು. ಅದರ ಬ್ಯಾಟರಿಯೂ ಸೋರುತ್ತದೆ, ಅದರ ಅರ್ಥಿಂಗೂ ಕಿಲುಬುತ್ತದೆ. ಅಳೆಯುವ ಕೈಗಳು ಈ ಭಾಗದಲ್ಲಿ ತಯಾರಾದರೆ ಪ್ರವಾಸಿಗನಿಗಿಂತ ಹೆಚ್ಚಿನ ಉಪಕಾರ ಆಗುವುದು ನೆರೆಗೆ ಸಿಕ್ಕವನಿಗೆ.

ಕಾನೂನು ಇದೆಯಲ್ಲ, ಮತ್ತೇನು ಬೇಕು ಎಂಬುದು ಕೊನೆಯ ಆಕ್ಷೇಪ. ಇದೆ, ನಿಜ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ, ವಿಮೆ ಎಲ್ಲವನ್ನೂ ಹೇಳುತ್ತದೆ. ಆದರೆ ಪ್ರಮಾಣಪತ್ರ ಹೇಳುವುದು ತಪಾಸಣೆಯ ದಿನದ ಸ್ಥಿತಿಯನ್ನು. ವಿದ್ಯುತ್ ದೋಷ ತೇವದ ಜೊತೆ ದಿನದಿನಕ್ಕೆ ಬೆಳೆಯುತ್ತದೆ. ಏಪ್ರಿಲಿನಲ್ಲಿ ಸರಿಯಿದ್ದ ಜೋಡಣೆ ಅಕ್ಟೋಬರಿನಲ್ಲಿ ಸರಿಯಿರಬೇಕೆಂದಿಲ್ಲ. ಕೇರಳದ ತನೂರಿನಲ್ಲಿ 2023ರ ಮೇ 7ರಂದು 22 ಜನರನ್ನು ಬಲಿ ತೆಗೆದುಕೊಂಡ ದೋಣಿ ದುರಂತದ ಕಾರಣ ವಿದ್ಯುತ್ ದೋಷವಲ್ಲ, ಮಿತಿಮೀರಿದ ಜನ. ಆದರೂ ನಿಯಮ ಪುಸ್ತಕದಲ್ಲಿದ್ದು ದಡದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪಾಠ ನೀರಿನ ಎಲ್ಲ ವ್ಯವಹಾರಕ್ಕೂ ಒಂದೇ. ಕಾನೂನು ಚೌಕಟ್ಟು ಕೊಟ್ಟಿದೆ. ಅದರೊಳಗೆ ದಡದ ಮೇಲಿನ ಅಭ್ಯಾಸವನ್ನು ಕಟ್ಟುವುದು ಸ್ಥಳೀಯರ ಕೆಲಸ.

ಆ ಕೆಲಸ ಮೂರು ಹೆಜ್ಜೆಗಳಲ್ಲಿ ಆಗಬಲ್ಲದು. ಮೊದಲನೆಯದು, ಜಲಕ್ರೀಡೆಗೆ ಅನುಮತಿ ಕೊಡುವಾಗ ಜಿಲ್ಲಾಡಳಿತ ಪ್ರತಿ ಯಂತ್ರಕ್ಕೂ ಒಂದು ಅಳತೆ ಪುಸ್ತಕ ಕೇಳಬೇಕು: ಬ್ಯಾಟರಿಯ ವೋಲ್ಟೇಜ್, ಸ್ಟಾರ್ಟ್ ಮಾಡುವಾಗಿನ ವೋಲ್ಟೇಜ್, ಅರ್ಥಿಂಗ್ ಮತ್ತು ಕೇಬಲ್ಲಿನ ನಷ್ಟ, ಚಾರ್ಜಿಂಗ್, ನಿಂತಾಗಿನ ಸೋರಿಕೆ, ಸುರಕ್ಷಾ ದಾರ ಎಳೆದಾಗ ಎಂಜಿನ್ ನಿಂತಿತೇ ಎಂಬುದು. ಮಳೆಗಾಲ ಮುಗಿದು ಮೊದಲ ಬಾರಿ ನೀರಿಗಿಳಿಸುವ ಮುನ್ನ ಇದು ಕಡ್ಡಾಯ, ಆಮೇಲೆ ತಿಂಗಳಿಗೊಮ್ಮೆ. ಸುರಕ್ಷಾ ದಾರದ ಪರೀಕ್ಷೆ ಮಾತ್ರ ದಿನವೂ. ಎರಡನೆಯದು, ನಮ್ಮ ಭಾಗದ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಮೋಟರ್ ಮೆಕ್ಯಾನಿಕ್ ಕಲಿಯುವವರಿಗೆ ದೋಣಿಯ ವೈರಿಂಗ್ ಬಗ್ಗೆ ಕೆಲವು ದಿನಗಳ ತರಬೇತಿ ಕೊಡಬೇಕು. ಈಗಾಗಲೇ ಗ್ಯಾರೇಜ್ ನಡೆಸುತ್ತಿರುವವರಿಗೂ ಅದರ ಬಾಗಿಲು ತೆರೆದಿರಬೇಕು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಓಡಿಸುವವರಿಗೆ, ಜೀವರಕ್ಷಕರಿಗೆ ತರಬೇತಿ ಕೊಡುತ್ತಿದೆ. ರಿಪೇರಿ ಮಾಡುವವರಿಗೂ ಅಂಥ ತರಬೇತಿ ಇಲ್ಲೇ ಸಿಗಲಿ. ಮೂರನೆಯದು ಕೊಳ್ಳುವವರು ತಾವೇ ಪಾಲಿಸಬಹುದಾದ ನಿಯಮ: ಎಂಜಿನ್ ಮೊದಲೇ ಬಿಸಿ ಮಾಡಿ ತೋರಿಸುವ ಯಂತ್ರವನ್ನು ನಂಬದೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಎಲ್ಲ ಕೀಲಿಗಳನ್ನೂ ಕೇಳಿ ಪಡೆದು, ಸೀಟು ಎತ್ತಿಸಿ, ಕನೆಕ್ಟರ್ ಬಿಚ್ಚಿಸಿ, ಅಳತೆ ಬರೆದುಕೊಂಡ ಮೇಲೆಯೇ ಹಣ ಎಣಿಸುವುದು.

ಶರಾವತಿ ಹುಟ್ಟುವುದು ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ, ಹರಿಯುವುದು ಹೊಸನಗರದಲ್ಲಿ, ಅಣೆಕಟ್ಟೆಗೆ ಸಿಕ್ಕಿ ನಿಲ್ಲುವುದು ಸಾಗರದಲ್ಲಿ. ಹಾಗಾಗಿ ಈ ನಿಯಮವನ್ನು ಮೂರೂ ತಾಲ್ಲೂಕುಗಳು ಒಟ್ಟಿಗೆ ಮಾಡಿಕೊಂಡರೆ ಮಾತ್ರ ಅರ್ಥ. ಒಂದು ದಡದಲ್ಲಿ ಬೇಡವೆಂದ ಯಂತ್ರ ಇನ್ನೊಂದು ದಡದಿಂದ ಇಳಿಯುವಂತಾಗಬಾರದು. ಇದಕ್ಕೆ ಬೇಕಾದ ಸಲಕರಣೆ ಅಗ್ಗ, ವಿದ್ಯೆ ಕಷ್ಟದ್ದಲ್ಲ, ಕಲಿಯಬಲ್ಲ ಹುಡುಗರು ನಮ್ಮ ಗ್ಯಾರೇಜುಗಳಲ್ಲೇ ಇದ್ದಾರೆ. ಬಾಡಿಗೆಯ ಜೆಟ್ ಸ್ಕೀಗಳು ಇನ್ನೂ ಕಡಿಮೆ ಇರುವಾಗ ಈ ಶಿಸ್ತು ತರುವುದು ಸುಲಭ. ದಡ ತುಂಬಿದ ಮೇಲೆ, ಒಂದು ಸಾವಾದ ಮೇಲೆ, ತರಾತುರಿಯಲ್ಲಿ ಎಲ್ಲವನ್ನೂ ನಿಷೇಧಿಸುವುದಕ್ಕಿಂತ ಮುಂದಿನ ಅಕ್ಟೋಬರಿನೊಳಗೆ ಪ್ರತಿ ದಡದಲ್ಲೂ ಅಳತೆ ಪುಸ್ತಕ ಇರುವಂತೆ ಮಾಡುವುದು ಜಿಲ್ಲಾಡಳಿತಕ್ಕೂ ಗೌರವ, ದುಡಿಯುವವರಿಗೂ ಕ್ಷೇಮ.